ಸೂತಕದ ಕಾರು: ಕೆಂಪು ದಾರ

ಬಲಗಡೆಯ ಚಕ್ರ ತಾನಾಗಿಯೇ ತಿರುಗಿತು.

ಕ್ರಾಂತಿಕುಮಾರ್ ಆಗ ಕಾರಿನ ಕೆಳಗೆ ಅಂಗಾತ ಮಲಗಿದ್ದ. ಬಾಯಲ್ಲಿ ಸಣ್ಣ ಟಾರ್ಚು, ಕೈಯಲ್ಲಿ ಸ್ಪ್ಯಾನರು. ಕಾರಿನ ಮೂತಿಯನ್ನು ಕಲ್ಲುಗಳ ಮೇಲೆ ಏರಿಸಿ ನಿಲ್ಲಿಸಿದ್ದರಿಂದ ಮುಂದಿನ ಚಕ್ರಗಳೆರಡೂ ನೆಲ ಮುಟ್ಟಿರಲಿಲ್ಲ. ಎಡಗಡೆಯದು ಸ್ಟೇರಿಂಗ್ ಕೀಲು ಮುರಿದು ಜೋತುಬಿದ್ದಿತ್ತು. ಬಲಗಡೆಯದು ಮಾತ್ರ ಅವನ ಕಿವಿಯ ಪಕ್ಕದಲ್ಲೇ ನಿಧಾನವಾಗಿ ಹೊಳೆಯ ಕಡೆಗೆ ಹೊರಳಿತು. ಒಂದು ಗಳಿಗೆ ಹಾಗೇ ನಿಂತಿತು. ಮತ್ತೆ ನೆಟ್ಟಗಾಯಿತು.

"ಯಾರ್ರೀ ಅದು?" ಎಂದ. ಬಾಯಲ್ಲಿದ್ದ ಟಾರ್ಚು ಎದೆಯ ಮೇಲೆ ಬಿತ್ತು.

ಮೇಲೆ ಸೀಟಿನ ಸ್ಪ್ರಿಂಗು ಕಿರ್ ಎಂದಿತು, ಕೂತಿದ್ದವರು ಎದ್ದಾಗ ಅನ್ನುತ್ತದಲ್ಲ, ಹಾಗೆ.

ಮೊಣಕೈ ತರಚಿಕೊಂಡು ಹೊರಗೆ ಬರುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ. ಬಾಗಿಲು ಮುಚ್ಚಿತ್ತು. ಹೊತ್ತು ಮುಳುಗಿ ಮಾಗಳದ ಹೊಳೆಯ ಮೇಲೆ ಇನ್ನೂ ಸ್ವಲ್ಪ ಕೆಂಪು ಉಳಿದಿತ್ತು. ರಸ್ತೆಯಾಚೆ ಆಳೆತ್ತರ ಬೆಳೆದ ಜೋಳದ ಹೊಲದಲ್ಲಿ ಒಂದೇ ಒಂದು ಸಾಲು ಅಲುಗಾಡುತ್ತಿತ್ತು. ಗಾಳಿ ಮಾತ್ರ ಇರಲಿಲ್ಲ.

ಕ್ರಾಂತಿಕುಮಾರ್ ದೆವ್ವ ಭೂತ ನಂಬುವವನಲ್ಲ. ಅವನಿಗೆ ಈ ಹೆಸರಿಟ್ಟ ಅಪ್ಪ ಮಗ್ಗಿ ಕಲಿಸುವ ಮೊದಲೇ ಆ ಪಾಠ ಕಲಿಸಿದ್ದ. ಆದರೆ ಅಪ್ಪ ಪಾಠ ಹೇಳಿದ್ದು ಹಗಲು ಹೊತ್ತಿನಲ್ಲಿ, ಮನೆಯ ಕಟ್ಟೆಯ ಮೇಲೆ ಕೂತು. ಸತ್ತವನ ಕಾರಿನ ಪಕ್ಕ, ಮುಸ್ಸಂಜೆಯಲ್ಲಿ, ಒಬ್ಬನೇ ನಿಂತಾಗ ಏನು ಮಾಡಬೇಕು ಎಂದು ಹೇಳಿರಲಿಲ್ಲ. ಮೈ ಜುಮ್ಮೆಂದಿತು. ಜುಮ್ಮೆಂದದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ಸತ್ತವನು ಮಾಗಳದ ಶ್ರೀನಾಥ. ಮಲ್ಲಿಗೆ ಹೂವಿನ ವ್ಯಾಪಾರಿ. ಹೊಳೆದಂಡೆಯ ತಿರುವಿನಲ್ಲಿ ತಿರುಗಬೇಕಾದ ಈ ಕಾರು ತಿರುಗದೆ ನೆಟ್ಟಗೆ ತುಂಗಭದ್ರೆಗೆ ಇಳಿದಿತ್ತು. ಕಾರು ಹೆಂಡತಿ ಸುಜಾತಾಳ ಹೆಸರಿನಲ್ಲಿತ್ತು. ವಿಮಾ ಕಂಪನಿ ಕೊಟ್ಟೂರಿನಿಂದ ತನ್ನ ಸರ್ವೇಯರ್ ಕ್ರಾಂತಿಕುಮಾರನನ್ನು ಕಳಿಸಿತ್ತು.

ಕಾರನ್ನು ಹೊಳೆಯಿಂದ ಎಳೆದವರು ಮನೆಗೆ ಒಯ್ಯಲಿಲ್ಲ. ಜೀವ ತೆಗೆದುಕೊಂಡ ಗಾಡಿಗೂ ಸೂತಕ ಉಂಟು ಎಂದು ಊರ ಸೀಮೆಯಲ್ಲಿ ಬಿಟ್ಟರು. ಕಾರ್ಯ ಮುಗಿಯುವ ತನಕ ಮನೆಯವರು ಅದನ್ನು ಮುಟ್ಟುವಂತಿಲ್ಲ. ಬಾನೆಟ್ಟಿನ ಮೇಲೆ ಎಲೆಯಲ್ಲಿ ಎಡೆ ಇಟ್ಟು ಹಿಂದೆ ನೋಡದೆ ಹೋಗಬೇಕು. ಕಾವಲಿಗೆ ಯಾರೂ ಇಲ್ಲ. ಸೂತಕದ ವಸ್ತುವನ್ನು ಕಳ್ಳ ಕೂಡ ಮುಟ್ಟುವುದಿಲ್ಲ ಎಂಬ ಧೈರ್ಯ. ಪತ್ತೇದಾರನೊಬ್ಬನನ್ನು ಕೇಳಿದ್ದರೆ ಇಂಥ ಕಾವಲಿಗಿಂತ ಕಾರನ್ನು ಸಂತೆಯಲ್ಲಿ ನಿಲ್ಲಿಸುವುದು ಮೇಲು ಅನ್ನುತ್ತಿದ್ದ.

ಒಳಗೆ ಇಣುಕಿ ನೋಡಿದ. ಹೊಳೆಯ ಕೆಸರು ಒಣಗಿ ಸೀಟಿಗೆ ಅಂಟಿತ್ತು. ಮಲ್ಲಿಗೆಯ ವಾಸನೆ ಮಾತ್ರ ಇವತ್ತು ಬಿಡಿಸಿದ ಹೂವಿನ ಹಾಗೆ ಮೂಗಿಗೆ ಬಡಿಯಿತು.

ನಿಲ್ಲಲು ಮನಸ್ಸಾಗಲಿಲ್ಲ. ಬಿಚ್ಚಿದ್ದ ಮುರುಕು ಕೀಲನ್ನು ಟಾರ್ಚಿನ ಬೆಳಕಿನಲ್ಲಿ ಒಮ್ಮೆ ತಿರುಗಿಸಿ ನೋಡಿದ. ಅದರ ಕುತ್ತಿಗೆಯ ಗ್ರೀಸಿನಲ್ಲಿ ಏನೋ ಸುತ್ತಿಕೊಂಡಿತ್ತು. ಉಗುರಿನಿಂದ ಗೆಬರಿದ.

ದಾರ. ಕೆಂಪು ದಾರ.

ಅದನ್ನು ಹಾಗೇ ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಬೈಕಿನ ಕಡೆ ಹೆಜ್ಜೆ ಹಾಕಿದ. ಓಡಿದ ಎಂದರೂ ಸುಳ್ಳಲ್ಲ.

*

ಶ್ರೀನಾಥನ ಮನೆಯ ಹಿತ್ತಿಲಲ್ಲಿ ಸುಜಾತಾ ಒಬ್ಬಳೇ ಕೂತಿದ್ದಳು. ಹಗರಿಬೊಮ್ಮನಹಳ್ಳಿಯಲ್ಲಿ ನರ್ಸ್ ಆಗಿದ್ದವಳು. ಗಂಡ ಸತ್ತಂದಿನಿಂದ ಅವಳ ಜೊತೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಊರೆಲ್ಲ ಮಾತಾಡುತ್ತಿತ್ತು, ಅವಳ ಬೆನ್ನ ಹಿಂದೆ.

ಊರ ಮಾತು ಇಷ್ಟು. 'ಮಿತ್ರ' ಕಾರು ತಯಾರಿಸಿದ ಕಂಪನಿ ತಾನು ಮಾರಿದ ಗಾಡಿಗಳನ್ನು ವಾಪಸ್ ಕರೆದಿತ್ತು. ಸ್ಟೇರಿಂಗಿನ ಎಡಗೀಲು ಓಡುವಾಗಲೇ ಮುರಿಯಬಹುದು, ತಂದರೆ ಪುಕ್ಕಟೆ ಬದಲಿಸುತ್ತೇವೆ ಎಂದು ಫೋನು ಮಾಡಿತ್ತು. ಫೋನು ಬಂದದ್ದು ಸುಜಾತಾಳಿಗೆ. ಅವಳು ಕಾರು ಒಯ್ಯಲಿಲ್ಲ, ಅಸಡ್ಡೆ ಮಾಡಿದಳು, ಗಂಡನನ್ನು ಹೊಳೆಗೆ ಕೊಟ್ಟಳು. ದಿನಗಳು ಕಳೆದ ಮೇಲೆ ಬಂದು ನೋಡಿದ ಬ್ರೇಕ್ ಇನ್‌ಸ್ಪೆಕ್ಟರು ಕೂಡ ಕೀಲು ಮುರಿದಿದೆ ಎಂದೇ ಹೇಳಿ ಹೋಗಿದ್ದರು.

"ನೀವು ಖರೇನ ಗಾಡಿ ಒಯ್ಲಿಲ್ಲೇನಮ್ಮಾ?" ಎಂದ ಕ್ರಾಂತಿಕುಮಾರ್.

"ಒಯ್ದಿದ್ದೆ ಸರ್." ಅವಳ ದನಿಯಲ್ಲಿ ದಣಿವು ಬಿಟ್ಟರೆ ಬೇರೇನೂ ಇರಲಿಲ್ಲ. "'ಮೇಡಂ, ಗಾಡಿ ಒಮ್ಮೆ ತಂದು ತೋರಿಸ್ರಿ' ಅಂದ್ರು. ಏನಾಗೇತ್ರಿ ಅಂದೆ. 'ಏನೂ ಆಗಿಲ್ಲ ಮೇಡಂ, ಬರೇ ಮುನ್ನೆಚ್ಚರಿಕಿ' ಅಂದ್ರು. ನಾನು ನರ್ಸ್ ಅದೀನ್ರಿ. 'ಏನೂ ಆಗಿಲ್ಲ, ಒಮ್ಮೆ ಬಂದು ತೋರಿಸ್ರಿ' ಅಂತ ನಾವು ಎಂಥಾ ಪೇಷಂಟಿಗೆ ಹೇಳ್ತೀವಿ ಅಂತ ನನಗ ಗೊತ್ತಿಲ್ಲೇನು? ರಜಾ ಹಾಕಿ ನಾನೇ ಹೊಸಪ್ಯಾಟಿಗೆ ಓಡಿಸ್ಕೊಂಡು ಹೋದೆ."

"ಆಮ್ಯಾಲೆ?"

"ಇಡೀ ದಿನ ಪ್ಲಾಸ್ಟಿಕ್ ಕುರ್ಚಿ ಮ್ಯಾಲೆ ಕುಂತೆ. ನನ್ನಂಗ ಕುಂತೋರು ಇನ್ನೂ ಎಷ್ಟೋ ಮಂದಿ. ಚಾ ಕುಡೀರಿ ಮೇಡಂ, ಪೇಪರ್ ಓದ್ರಿ ಮೇಡಂ ಅಂತಿದ್ರೇ ವಿನಾ ಏನು ಕೆಟ್ಟೈತಿ ಅಂತ ಒಬ್ರೂ ಬಾಯಿ ಬಿಡ್ಲಿಲ್ಲ. ಸಂಜಿಗೆ ಹೊಸ ಕೀಲು ಹಾಕಿ, ಗುರ್ತಿಗೆ ಅದರ ಮ್ಯಾಲೆ ಹಳದಿ ಬಣ್ಣ ಬಳದು ತೋರಿಸಿದ್ರು. ಬಿಲ್ ಕೊಡ್ರಿ ಅಂದ್ರ, ಪುಕ್ಕಟಿ ಕೆಲಸಕ್ಕ ಬಿಲ್ ಯಾಕ್ ಮೇಡಂ ಅಂತ ನಕ್ರು."

ಕ್ರಾಂತಿಕುಮಾರ್ ಆ ವರ್ಕ್‌ಶಾಪಿಗೆ ಹೋಗಿ ಬಂದಿದ್ದ. ನೂರಾರು ಗಾಡಿ ಬಂದವು, ಯಾರ ಮುಖ ಯಾರಿಗೆ ನೆನಪು, ಕೀಲಿಗೆ ಹಳದಿ ಬಣ್ಣ ಇದ್ದರೆ ನಾವು ಹಾಕಿದ್ದು, ಇಲ್ಲದಿದ್ದರೆ ಇಲ್ಲ ಎಂದಿದ್ದರು. ಈಗ ಅವನ ಕೈಯಲ್ಲಿದ್ದ ಕೀಲಿನಲ್ಲಿ ಹಳದಿಯ ಒಂದು ಚುಕ್ಕೆಯೂ ಇರಲಿಲ್ಲ.

"ಮನ್ಯಾಗ ಯಾಕ ಹೇಳ್ಲಿಲ್ಲ?"

ಸುಜಾತಾ ಸೆರಗಿನ ತುದಿಯ ಗಂಟು ಬಿಚ್ಚಿದಳು. ಒಳಗೆ ತಾಮ್ರದ ಸಣ್ಣ ಅಂತ್ರ, ತಾಯಿತ. ಅದನ್ನು ಕಟ್ಟಿದ್ದ ದಾರ ಕತ್ತರಿಸಿಹೋಗಿತ್ತು.

"ಗಾಡಿ ತಂದ ದಿನ ನಮ್ಮತ್ತಿ ಚಿಗಟೇರಿ ಗುಡಿಯಿಂದ ತರಿಸಿ ಇದನ್ನ ಕೀಲಿಗೇ ಕಟ್ಟಿದ್ರು. ವರ್ಷ ತುಂಬೋತನಕ ಬಿಚ್ಚಬಾರ್ದು ಅಂತ. ಹಳೇ ಕೀಲು ಕಂಪನಿಗೇ ವಾಪಸ್ ಹೋಗ್ತೈತಿ ಅಂದ ವರ್ಕ್‌ಶಾಪ್ ಮೇಸ್ತ್ರಿ. ದಾರ ಕತ್ತರಿಸಿ ಅಂತ್ರ ಕೈಗೆ ಕೊಟ್ಟ. ಇವರಿಗೆ ಹೇಳ್ದೆ. 'ಅವ್ವನ ಮುಂದ ಬಾಯಿ ಬಿಡಬ್ಯಾಡ, ವರ್ಷ ತುಂಬಿದ ಮ್ಯಾಲೆ ನಾನೇ ಹೇಳ್ತೀನಿ' ಅಂತ ನಕ್ರು."

ಅವಳು ಅಂತ್ರವನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

"ಗಾಡಿ ಒಯ್ಲಿಲ್ಲ ಅಂದ್ರ ನಾನು ಅಸಡ್ಡಿ ಮಾಡಿ ಗಂಡನ್ನ ಕೊಂದಾಕಿ. ಒಯ್ದೆ ಅಂತ ಇದನ್ನ ತೋರಿಸಿದ್ರ ಅಂತ್ರ ಬಿಚ್ಚಿ ಗಂಡನ್ನ ಕೊಂದಾಕಿ. ಎರಡ್ರಾಗ ಯಾವುದು ಬೇಕು ಅಂತ ನೀವೇ ಹೇಳ್ರಿ ಸರ್. ನಾಳೆ ಹಿರೇರು ಕೂಡ್ತಾರ. ಕಾರ್ಯ ಮುಗುದ ಮ್ಯಾಲೆ ನಾನು ಹೊರಗ, ನನ್ನ ಮಗಳು ಇಲ್ಲೇ ಅಂತ ಮಾತಾಗೇತಿ. ರತ್ನಿ ನಾನಿಲ್ದ ಒಂದು ರಾತ್ರಿ ಮಲಗಿಲ್ಲ."

ಅಲ್ಲಿಯತನಕ ಒಂದು ಹನಿ ಕಣ್ಣೀರು ಹಾಕದವಳು ಆಗ ಮುಖ ಮುಚ್ಚಿಕೊಂಡಳು. ಕ್ರಾಂತಿಕುಮಾರನಿಗೆ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದಾಗ ಅವನು ಸಮಾಧಾನ ಹೇಳುವವನಲ್ಲ, ವಸ್ತುವನ್ನು ನೋಡುವವನು. ಅವಳ ಮುಷ್ಟಿಯಿಂದ ಹೊರಗೆ ಇಳಿಬಿದ್ದಿದ್ದ ದಾರವನ್ನು ನೋಡಿದ.

ಅದು ಕಪ್ಪು ದಾರ.

*

ಮರುದಿನ ಬೆಳಿಗ್ಗೆ ಮಾಗಳದ ಮಂದಿ ತಮ್ಮ ಕಣ್ಣನ್ನೇ ನಂಬಲಿಲ್ಲ. ಶ್ರೀನಾಥನ ಕಾರು ಊರೊಳಗೆ ಬರುತ್ತಿತ್ತು.

ಅದೇ ಬೂದುಬಣ್ಣ, ಅದೇ ಮೂತಿ. ನೀರು ತರುತ್ತಿದ್ದ ಹೆಂಗಸರು ಗೋಡೆಗೆ ಒತ್ತಿ ನಿಂತರು. ಒಳಗಿನಿಂದ ನಾಕು ವರ್ಷದ ರತ್ನಿ "ಅಪ್ಪ ಬಂದ!" ಎಂದು ಓಡಿಬಂದಳು. ಬಾಗಿಲು ತೆರೆದು ಇಳಿದವನು ಅಪ್ಪನಲ್ಲ, ಚಿಕ್ಕಪ್ಪ ಓಬಳೇಶ. ಮಗುವಿನ ಮುಖ ಬಾಡಿತು. ಅಲ್ಲಿದ್ದವರಲ್ಲಿ ಒಬ್ಬರಾದರೂ ಅದರ ತಲೆ ಸವರಬಾರದಿತ್ತೇ?

ಓಬಳೇಶ ಕೊಟ್ಟೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು. ಅಣ್ಣ ತಮ್ಮ ಇಬ್ಬರೂ ಒಂದೇ ದಿನ, ಒಂದೇ ಬಣ್ಣದ 'ಮಿತ್ರ' ಕಾರು ತಂದಿದ್ದರು. ಅವನು ಕಾರನ್ನು ಮನೆಯ ಪಕ್ಕದ ಹುಣಸೆ ಮರದ ಕೆಳಗೆ ನಿಲ್ಲಿಸಿ ಒಳಗೆ ಹೋದ.

ಕ್ರಾಂತಿಕುಮಾರನ ಜೇಬಿನ ಪೆನ್ನು ಸರಿಯಾಗಿ ಆ ಕಾರಿನ ಎಡಚಕ್ರದ ಬಳಿಯೇ ಬಿತ್ತು. ಬಗ್ಗಿ, ಒಣಗಿದ ಹುಣಸೆ ಎಲೆಗಳ ನಡುವೆ ಪೆನ್ನು ಹುಡುಕಿದ. ಹುಡುಕುತ್ತಾ ಕತ್ತು ಹೊರಳಿಸಿ ಮೇಲೆ ನೋಡಿದ. ಕೀಲು ಹೊಸದಾಗಿ ಮಿರಮಿರ ಮಿಂಚುತ್ತಿತ್ತು. ಅದರ ಕುತ್ತಿಗೆಯಲ್ಲಿ ಬೆರಳಗಲ ಹಳದಿ ಬಣ್ಣ.

ಪೆನ್ನು ಸಿಕ್ಕಿತು. ಎದ್ದು ಮಂಡಿ ಕೊಡವಿಕೊಂಡು ಒಳಗೆ ನಡೆದ.

ಪಡಸಾಲೆಯಲ್ಲಿ ಶ್ರೀನಾಥನ ತಾಯಿ ಜಂಬಕ್ಕ ಕಂಬಕ್ಕೆ ಒರಗಿ ಕೂತಿದ್ದಳು. ಮೊಮ್ಮಗಳು ಅವಳ ತೊಡೆಯ ಮೇಲೆ. ಇತ್ತ ಓಬಳೇಶ. ಬಾಗಿಲ ಬಳಿ ಹರಪನಹಳ್ಳಿಯ ಕರಿಸಿದ್ದಪ್ಪ, ಶ್ರೀನಾಥನ ಹೂವಿನ ವ್ಯಾಪಾರದ ಪಾಲುದಾರ. ಹೊಳೆಯಿಂದ ಕಾರು ಎಳೆಯಲು ಟ್ರ್ಯಾಕ್ಟರ್ ತಂದವನೂ ಅವನೇ. ಸುಜಾತಾ ಒಳಬಾಗಿಲ ಮರೆಯಲ್ಲಿ ನಿಂತಿದ್ದಳು. ಹಿರಿಯರು ಇನ್ನೂ ಕೂಡಿರಲಿಲ್ಲ.

"ಇನ್ನೇನು ನೋಡೋದಿದೆ ಸಾರ್?" ಎಂದ ಕರಿಸಿದ್ದಪ್ಪ. "ಕಂಪನಿಯೋರೇ ಕೀಲು ಸರಿ ಇಲ್ಲ ಅಂತ ಹೇಳಿದ್ರು. ಕೀಲು ಮುರೀತು. ಹಂಗಂತ ಬರ್ಕೊಂಡು ಹೋಗಿ. ಸತ್ತೋನ ಆತ್ಮಕ್ಕಾದ್ರೂ ಶಾಂತಿ ಸಿಗ್ಲಿ."

"ಬರೀತೀನ್ರಿ. ಅದಕ್ಕ ಮೊದ್ಲು ಅಮ್ಮಾರನ್ನ ಒಂದು ಮಾತು ಕೇಳೋದೈತಿ." ಕ್ರಾಂತಿಕುಮಾರ್ ಪೇಪರು ಬಿಚ್ಚಿ ಮುರುಕು ಕೀಲನ್ನು ಜಂಬಕ್ಕನ ಮುಂದೆ ಇಟ್ಟ. ರಾತ್ರಿ ಸೀಮೆಎಣ್ಣೆಯಲ್ಲಿ ಅದ್ದಿ ಗ್ರೀಸು ತೆಗೆದಿದ್ದ. "ಸೀಮ್ಯಾಗ ನಿಂತ ಗಾಡಿಯಿಂದ ಬಿಚ್ಚಿದ್ದು ಇದು. ಇದಕ್ಕ ಸುತ್ತಿದ ದಾರ ಯಾವ ಬಣ್ಣದ್ದು, ನೋಡಿ ಹೇಳ್ರಿ."

ಮುದುಕಿ ಕಣ್ಣು ಕಿರಿದು ಮಾಡಿದಳು. "ಕೆಂಪು."

"ಶ್ರೀನಾಥನ ಗಾಡಿಗೆ ನೀವು ಕಟ್ಟಿದ್ದು?"

"ಹಿರಿಯಾಂದಕ್ಕ ಕರಿದಾರ. ಕೆಂಪುದಾರ ಕಿರಿ..." ಎಂದವಳು ತಡೆದಳು. ತಲೆ ಎತ್ತಿ ಓಬಳೇಶನ ಮುಖ ನೋಡಿದಳು.

"ಕೆಂಪುದಾರ ಯಾವ ಸಂತ್ಯಾಗ ಸಿಗಂಗಿಲ್ಲ ಬೇ?" ಎಂದ ಓಬಳೇಶ. "ನನ್ನ ಯಾಕ ನೋಡ್ತಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವನನ್ನು ಯಾರೂ ಇನ್ನೂ ಏನೂ ಕೇಳಿರಲಿಲ್ಲ.

"ದಾರ ಸಂತ್ಯಾಗ ಸಿಗತೈತಿ. ಗಂಟು ಸಿಗಂಗಿಲ್ಲ ಲೇ," ಎಂದಳು ಜಂಬಕ್ಕ. ಕೀಲನ್ನು ಕೈಗೆತ್ತಿಕೊಂಡಿದ್ದಳು. "ಇದು ನನ್ನ ಗಂಟು. ನಿನ್ನ ತೊಟ್ಲಕ್ಕ ಕಟ್ಟಿದ್ದೂ ಇದೇ ಗಂಟು. ನಿನ್ನ ಗಾಡಿ ದಾರ ನಿಮ್ಮಣ್ಣನ ಗಾಡ್ಯಾಗ ಯಾಕೈತಿ? ನಿಮ್ಮಣ್ಣನ ಕರಿದಾರ ಎಲ್ಲೈತಿ?"

"ಇಲ್ಲೈತ್ರಿ ಅತ್ತಿ."

ಸುಜಾತಾ ಪಡಸಾಲೆಗೆ ಬಂದಿದ್ದಳು. ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಕರಿದಾರದ ಅಂತ್ರ ಇತ್ತು.

ಜಂಬಕ್ಕ ಅದನ್ನು ಕಸಿದುಕೊಂಡಳು. "ಬಿಚ್ಚಿದಿ? ಊರ ದೇವ್ರಿಗೆ ಹರಕಿ ಹೊತ್ತು ಕಟ್ಟಿದ್ದನ್ನ ಬಿಚ್ಚಿದಿ? ನನ್ನ ಮಗನ ಉಸುರನ್ನ ನಿನ್ನ ಕೈಯಾರ ಬಿಚ್ಚಿದಿ?" ಕಂಬಕ್ಕೆ ಹಣೆ ಚಚ್ಚಿಕೊಂಡು ಅಳತೊಡಗಿದಳು. ಅವಳು ಅತ್ತದ್ದು ನೋಡಿ ರತ್ನಿ ಅತ್ತಳು. ಒಳಗಿದ್ದ ಹೆಂಗಸರೆಲ್ಲ ಓಡಿಬಂದು ತಾವೂ ದನಿ ಸೇರಿಸಿದರು. ಬೀದಿಯವರು ಬಾಗಿಲಿಗೆ ಮುತ್ತಿದರು. ಯಾರು ಬಂದರು, ಯಾರು ಎದ್ದುಹೋದರು ಎಂದು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ.

ಆ ಗದ್ದಲ ತಗ್ಗಲು ಬಹಳ ಹೊತ್ತು ಹಿಡಿಯಿತು. ತಗ್ಗುವ ತನಕ ಕ್ರಾಂತಿಕುಮಾರ್ ಕೈಕಟ್ಟಿ ನಿಂತಿದ್ದ. ಆಮೇಲೆ ಓಬಳೇಶನ ಎದುರು ಹೋಗಿ ಕುಕ್ಕರುಗಾಲಲ್ಲಿ ಕೂತ.

"ನಿನ್ನ ಗಾಡಿ ಎಡಗೀ‌ಲಿಗೆ ಹಳದಿ ಬಣ್ಣ ಐತಿ ಓಬಳೇಶಪ್ಪ. ನೀನು ಹೊಸಪ್ಯಾಟಿಗೆ ಗಾಡಿ ಒಯ್ದಿದ್ದಿಯೇನು?"

ಓಬಳೇಶ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ನೀನು ಒಯ್ದಿಲ್ಲ. ಅತ್ತಿಗೀಗೆ ಫೋನು ಬಂದ ವ್ಯಾಳ್ಯಾಕ್ಕ ನಿನಗೂ ಬಂದಿತ್ತು. ಹೌದಲ್ಲೋ?"

"ಬಂದಿತ್ರಿ." ದನಿ ಪಾತಾಳದಿಂದ ಬಂದಂತಿತ್ತು. "ವರ್ಷ ತುಂಬೋತನಕ ಅಂತ್ರ ಬಿಚ್ಚಬಾರ್ದು ಅಂತ ಅವ್ವ ಹೇಳಿದ್ಲು, ಅದಕ್ಕ ಸುಮ್ಕಿದ್ದೆ. ಆಮ್ಯಾಲೆ ನನಗೇ ಅಂಜಿಕಿ ಆಗಿ ಫೋನ್ ಹಚ್ಚಿದ್ರ, ಪಾರ್ಟು ಖಾಲಿ ಆಗ್ಯಾವ, ತಿಂಗಳು ಬಿಟ್ಟು ಬರ್ರಿ ಅಂದ್ರು. ಅಷ್ಟ್ರಾಗ ಅಣ್ಣ ಹೋದ. ಸರ್, ಅವತ್ತಿಂದ ಎತ್ತಿನ ಬಂಡಿಗಿಂತ ಮೆಲ್ಲಕ ಓಡಿಸ್ತಿದ್ದೆ. ನಮ್ಮಣ್ಣನ ಗಾಡಿ, ನನ್ನ ಗಾಡಿ, ಒಂದೇ ಹೊಟ್ಯಾಗ ಹುಟ್ಟಿದ್ದು. ನಾಳೆ ನಾನು, ನಾಡಿದ್ದು ನಾನು ಅಂತ..."

"ಅದಕ್ಕ?"

"ಏನಾಗೇತಿ ಅಂತ ನೋಡಾಕ ಸೀಮಿಗೆ ಹೋದೆ. ಕೆಳಗ ತೂರಿ ನೋಡಿದ್ರ ಹಳದಿ ಬಣ್ಣದ ಹೊಸ ಕೀಲು. ಸತ್ತಾನಿಗೆ ಹೊಸ ಕೀಲು ಯಾಕ, ಬದುಕಿರೋನಿಗೆ ಬೇಕು ಅನ್ನಿಸ್ತು. ಅದನ್ನ ಬಿಚ್ಚಕೊಂಡು ನಂದನ್ನ ಅದಕ್ಕ ಹಾಕಿದೆ."

"ಅಂದ್ರ ಅತ್ತಿಗಿ ಗಾಡಿ ಒಯ್ದು ತೋರಿಸ್ಯಾಳ ಅಂತ ಅವತ್ತೇ ನಿನಗ ಗೊತ್ತಾತು," ಎಂದ ಕ್ರಾಂತಿಕುಮಾರ್. ಅವನ ದನಿ ಏರಿರಲಿಲ್ಲ, ಆದರೆ ಕೋಪಕ್ಕೆ ಕೈಬೆರಳು ಬಿಳಚಿದ್ದವು. "ಊರೆಲ್ಲಾ ಆಕಿನ್ನ ಗಂಡನ್ನ ಕೊಂದಾಕಿ ಅನ್ನೂ ಮುಂದ ನೀನು ಬಾಯಾಗ ನೀರು ಹಾಕ್ಕೊಂಡು ಕುಂತಿದ್ದಿ. ಮಗೂನ ಕಸಗೊಂಡು ಹೊರಗ ಹಾಕಾಕ ಹೊಂಟಾಗ್ಲೂ."

ಓಬಳೇಶ ತಲೆ ಎತ್ತಲಿಲ್ಲ. "ಆ ಸಂಜಿ ನಟ್ಟು ಬಿಗಿ ಮಾಡೂ ಮುಂದ ಮ್ಯಾಲೆ ಯಾರೋ ಬಂದು ಕುಂತ್ರು ಸರ್. ಬಲಗಡೆ ಚಕ್ರ ಹೊಳಿ ಕಡೆ ತಿರುಗ್ತು, ಮತ್ತ ನೆಟ್ಟಗಾತು. ನಮ್ಮಣ್ಣನೇ ಅಂತ ತಿಳಕೊಂಡು ಕಾಲು ಕಿತ್ತೆ. ಬಾಯಿ ಬಿಟ್ರ ನನ್ನೂ ಒಯ್ತಾನ ಅಂತ..."

ಕ್ರಾಂತಿಕುಮಾರ್ ಕುಕ್ಕರುಗಾಲಿನಿಂದ ಎದ್ದು ನಿಂತ. ಚಕ್ರದ ಸಂಗತಿಯನ್ನು ಅವನು ಯಾರ ಮುಂದೆಯೂ ಹೇಳಿರಲಿಲ್ಲ.

ಜಂಬಕ್ಕ ಒಂದು ಕೈಯಲ್ಲಿ ಮುರುಕು ಕೀಲು, ಇನ್ನೊಂದು ಕೈಯಲ್ಲಿ ಸೊಸೆಯ ಕರಿದಾರದ ಅಂತ್ರ ಹಿಡಿದು ಕೂತಿದ್ದಳು. ಎರಡನ್ನೂ ಬಹಳ ಹೊತ್ತು ನೋಡಿದಳು.

"ಅಂತ್ರ ಬಿಚ್ಚಿ ಹಾಕಿದ ಕೀಲು ಗಟ್ಟಿ ಐತಿ. ಅಂತ್ರ ಇದ್ದಿದ್ದು ಮುರದೈತಿ," ಎಂದಳು ಕೊನೆಗೆ, ಯಾರಿಗೂ ಅಲ್ಲ ಎಂಬಂತೆ. "ನಾನು ಕಟ್ಟಿದ್ದಕ್ಕ ಒಬ್ಬ ಮಗ ಕಳ್ಳ ಆದ. ಬಿಚ್ಚಿದಾಕಿನ್ನ ನಾನು ಕೊಲೆಗಾರ್ತಿ ಅಂದೆ."

ತೊಡೆಯ ಮೇಲಿದ್ದ ಮೊಮ್ಮಗಳನ್ನು ಎತ್ತಿದಳು. "ತಗೋ ಸುಜಾತಾ. ನಿನ್ನ ಮಗಳು. ಯಾವ ಹಿರೇನೂ ಇನ್ನ ಮ್ಯಾಲೆ ಈ ಮಾತು ಎತ್ತಂಗಿಲ್ಲ. ಎತ್ತಿದ್ರ ನನ್ನ ಹೆಣದ ಮ್ಯಾಲೆ."

ಸುಜಾತಾ ಮಗಳನ್ನು ಎದೆಗೆ ಒತ್ತಿಕೊಂಡಳು. ನೋಡುತ್ತಿದ್ದ ಕ್ರಾಂತಿಕುಮಾರನಿಗೆ ಈ ಕಸುಬಿಗೆ ಬಂದು ಎಷ್ಟೋ ವರ್ಷಗಳ ನಂತರ ಒಂದು ಒಳ್ಳೆಯ ಬೆಳಗು ಕಂಡಂತಾಯಿತು. ಆ ಸಂತೋಷದಲ್ಲೇ ಅವನು ತಪ್ಪಿದ.

"ಏನಾಯ್ತು? ಏನಿದು ಗಲಾಟೆ?" ಎನ್ನುತ್ತಾ ಕರಿಸಿದ್ದಪ್ಪ ಹಿತ್ತಿಲ ಕಡೆಯಿಂದ ಬಂದ. ಒದ್ದೆ ಕೈಗಳನ್ನು ಟವಲಿನಿಂದ ಒರೆಸಿಕೊಳ್ಳುತ್ತಿದ್ದ. ಯಾರೋ ನಡೆದದ್ದನ್ನು ಹೇಳಿದರು. "ಶಿವನೇ!" ಎಂದು ಕೆನ್ನೆ ಬಡಿದುಕೊಂಡು ಮತ್ತೆ ಬಾಗಿಲ ಬಳಿ ಕೂತ.

"ಈಗಿಂದೀಗ ಹಡಗಲಿ ಸ್ಟೇಷನ್ನಿಗೆ ನಡಿ," ಎಂದ ಕ್ರಾಂತಿಕುಮಾರ್ ಓಬಳೇಶನಿಗೆ. "ನಿನ್ನ ಗಾಡ್ಯಾಗೇ. ಆ ಹಳದಿ ಕೀಲನ್ನ ಸಬ್‌ಇನ್‌ಸ್ಪೆಕ್ಟರ್ ಮುಂದ ಬಿಚ್ಚಿಸ್ತೀನಿ. ಅಲ್ಲಿತನಕ ಅದಕ್ಕ ಯಾರೂ ಕೈ ಹಚ್ಚಬಾರ್ದು. ಸುಜಾತಮ್ಮ, ಗಾಡಿ ನಿಮ್ಮ ಹೆಸರಿಂದು, ಹೇಳಿಕಿ ನೀವೂ ಕೊಡಬೇಕು. ಇದೇ ಗಾಡ್ಯಾಗ ಕುಂದರ್ರಿ. ನಾನು ಹಿಂದಿಂದ ಬೈಕ್ ಮ್ಯಾಲೆ ಬರ್ತೀನಿ."

"ನಾನೂ," ಎಂದಳು ರತ್ನಿ, ತಾಯಿಯ ಕೊರಳು ಬಿಡದೆ.

"ಕರಕೊಂಡು ಹೋಗು," ಎಂದಳು ಜಂಬಕ್ಕ. "ಇನ್ನ ಅಗಲಿಸಬ್ಯಾಡ್ರಿ ಅವರನ್ನ."

*

ಕಾರು ಹುಣಸೆ ಮರದ ನೆರಳಿನಿಂದ ಹಿಂದಕ್ಕೆ ಸರಿದು ಬೀದಿಗೆ ಬಂತು. ಓಬಳೇಶ ಗಾಜು ಇಳಿಸಿದ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

"ಸರ್, ಕಳ್ಳ ಅಂತ ಬರಕೊಳ್ರಿ. ಜೈಲಿಗೆ ಹಾಕಿಸ್ರಿ. ಆದ್ರ ಒಂದು ಮಾತು." ಅವನು ಸ್ಟೇರಿಂಗಿನಿಂದ ಕೈ ತೆಗೆದ. "ಆ ಕೆಂಪು ದಾರದ ಕೀಲು ನಂದೇ. ಆದ್ರ ನಾನು ಹಾಕೂ ಮುಂದ ಅದು ಮುರದಿರ್ಲಿಲ್ಲ. ಗಟ್ಟಿ ಇತ್ತು. ನನ್ನ ಗಾಡ್ಯಾಗ ಅದ್ರ ಮ್ಯಾಲೇ ತಾನೇ ಓಡಾಡಿದ್ದು? ಅದನ್ನ ಮುರದಾತ ನಾನಲ್ಲ."

ಕಾರು ಹೊರಟಿತು. ಹಿಂದಿನ ಗಾಜಿನಲ್ಲಿ ರತ್ನಿ ಕೈ ಬೀಸಿದಳು. ಕ್ರಾಂತಿಕುಮಾರ್ ಅಭ್ಯಾಸಬಲದಿಂದ ತಾನೂ ಬೀಸಿದ. ಬೀಸುತ್ತಿದ್ದ ಕೈ ನಡುವೆಯೇ ನಿಂತಿತು.

ಕಲ್ಲಿನ ಮೇಲೆ ನಿಂತ ಗಾಡಿಯ ಗಟ್ಟಿ ಕೀಲು ತಾನಾಗಿ ಮುರಿಯುವುದಿಲ್ಲ. ಓಬಳೇಶ ಓಡಿಹೋದ ಮೇಲೆ ಅಲ್ಲಿಗೆ ಇನ್ನೊಬ್ಬರು ಹೋಗಿದ್ದಾರೆ. ಇನ್‌ಸ್ಪೆಕ್ಟರು ಬರುವ ಮೊದಲು ಅದನ್ನು ಬಡಿದು ಮುರಿದಿದ್ದಾರೆ. ಕಂಪನಿ ವಾಪಸ್ ಕರೆದಿದ್ದ ಆ ಒಂದೇ ಕೀಲನ್ನು, ಬೇರೆ ಯಾವುದನ್ನೂ ಅಲ್ಲ. ತಪ್ಪೆಲ್ಲ ಕಂಪನಿಯದು ಎಂದು ತೋರಿಸಬೇಕಿತ್ತು ಅವರಿಗೆ.

ಯಾಕೆ ತೋರಿಸಬೇಕಿತ್ತು? ಹೊಳೆಗೆ ಬಿದ್ದ ದಿನ ಶ್ರೀನಾಥನ ಕಾರಿನಲ್ಲಿ ಇದ್ದದ್ದು ಹಳದಿ ಬಣ್ಣದ ಹೊಸ ಕೀಲು. ಸ್ಟೇರಿಂಗು ಸರಿಯಾಗಿತ್ತು. ಶ್ರೀನಾಥ ತಿರುಗಿಸಿದ್ದರೆ ಕಾರು ತಿರುಗುತ್ತಿತ್ತು. ಅವನು ತಿರುಗಿಸಲಿಲ್ಲ, ಅಥವಾ ತಿರುಗಿಸುವ ಸ್ಥಿತಿಯಲ್ಲಿ ಇರಲಿಲ್ಲ. ಇದು ಅಪಘಾತವಲ್ಲ. ಅದಕ್ಕೆ ಈ ಭೂಮಿಯ ಮೇಲೆ ಉಳಿದಿರುವ ಸಾಕ್ಷಿ ಒಂದೇ, ಆ ಗಟ್ಟಿಯಾದ ಹಳದಿ ಕೀಲು. ಅದು ಎಲ್ಲಿದೆ ಎಂಬುದನ್ನು ಅವನು ಇದೀಗ ಬೀದಿಯ ಮಂದಿಯೆಲ್ಲ ಕೇಳುವಂತೆ ಪಡಸಾಲೆಯಲ್ಲಿ ಕೂಗಿ ಹೇಳಿದ್ದ.

ಅಲ್ಲ. ಅದಕ್ಕೂ ಮೊದಲು, ಬೆಳಿಗ್ಗೆ, ಕಾರಿನ ಕೆಳಗೆ ಬಗ್ಗಿದ್ದನ್ನು ಯಾರಾದರೂ ನೋಡಿದ್ದರೆ?

ಕ್ರಾಂತಿಕುಮಾರ್ ಹುಣಸೆ ಮರದ ಕಡೆ ನಡೆದ. ನಾಲ್ಕು ಹೆಜ್ಜೆಯಾದ ಮೇಲೆ ಓಡಿದ.

ಕಾರಿನ ಎಡಚಕ್ರ ನಿಂತಿದ್ದ ಜಾಗದಲ್ಲಿ ಬೆಳಿಗ್ಗೆ ಒಣ ಎಲೆ ಬಿಟ್ಟರೆ ಏನೂ ಇರಲಿಲ್ಲ. ಈಗ ಎಲೆಗಳ ಮೇಲೆ ಒಂದು ಹಿಡಿಯಷ್ಟು ಬೂದಿಬಣ್ಣದ ಪುಡಿ ಉದುರಿತ್ತು. ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿದ. ಚುಚ್ಚಿತು. ಕಬ್ಬಿಣದ ಪುಡಿ. ಗರಗಸದ ಬ್ಲೇಡು ಆಡಿದ ಜಾಗದಲ್ಲಿ ಉದುರುವಂಥದ್ದು. ಇನ್ನೂ ಧೂಳು ಹತ್ತಿರಲಿಲ್ಲ, ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು.

ಜಂಬಕ್ಕ ಅಳುತ್ತಿದ್ದಾಗ, ಊರೆಲ್ಲ ಅವಳ ಜೊತೆ ಅಳುತ್ತಿದ್ದಾಗ, ಯಾರೋ ಇಲ್ಲಿ ಮಲಗಿಕೊಂಡು ಕೊಯ್ಯುತ್ತಿದ್ದರು. ಪೂರ್ತಿ ಕೊಯ್ದಿದ್ದರೆ ಕಾರು ಜಾಗ ಬಿಟ್ಟು ಏಳುತ್ತಿರಲಿಲ್ಲ. ನೆಟ್ಟಗೆ ಓಡುವಷ್ಟು ಉಳಿಸಿದ್ದರು.

ಹಡಗಲಿಯ ದಾರಿಯಲ್ಲಿ ಹೊಳೆದಂಡೆಯ ಆ ತಿರುವು ಬರುತ್ತದೆ.

"ಓಬಳೇಶಾ!" ಎಂದು ಕಿರುಚಿದ. ಬೀದಿ ಖಾಲಿ. ಧೂಳು ಆಗಲೇ ಕೆಳಗೆ ಕೂರುತ್ತಿತ್ತು. ಬೈಕಿನ ಕಡೆ ಓಡುತ್ತಾ ಇನ್ನೊಮ್ಮೆ ಕೂಗಿದ, ಮತ್ತೊಮ್ಮೆ ಕೂಗಿದ. ಮನೆಯ ಒಳಗಿನಿಂದ ಜಂಬಕ್ಕ "ಏನಾತ್ರೀ?" ಎಂದು ಕೇಳುತ್ತಿದ್ದಳು. ಅವಳಿಗೆ ಏನು ಹೇಳುವುದು? ನಿಮ್ಮ ಮೊಮ್ಮಗಳನ್ನು ಆ ಕಾರಿಗೆ ಹತ್ತಿಸಿ ಕಳಿಸಿದವನು ನಾನೇ ಎಂದೇ?

ಊರಾಚೆಯಿಂದ ಹಾರ್ನಿನ ಸದ್ದು ತೇಲಿಬಂತು. ದೊಡ್ಡವರು ಒತ್ತುವ ಹಾಗಲ್ಲ, ಪೀಂ ಪೀಂ ಎಂದು ಆಟಕ್ಕೆ ಒತ್ತಿದ ಹಾಗೆ. ಅತ್ತ ಮಗುವಿನ ಸಮಾಧಾನಕ್ಕೆ ಚಿಕ್ಕಪ್ಪ ಮುಂದೆ ಕೂರಿಸಿಕೊಂಡಿರಬೇಕು. ಸದ್ದು ಹೊಳೆಯ ಕಡೆಗೆ ಸರಿಯುತ್ತಾ ಸಣ್ಣದಾಯಿತು. ಇನ್ನೊಮ್ಮೆ ಪೀಂ ಎಂದಿತು.

ಆಮೇಲೆ ಕೇಳಿಸಲಿಲ್ಲ.